ಬರೆದದ್ದಕ್ಕೆ ನೋಟಿಸ್ ಬಂದರೆ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹೋಟೆಲಿನವರು, ಹೌಸಿಂಗ್ ಸೊಸೈಟಿಯ ಸದಸ್ಯರು, ಸಂಘದ ಪತ್ರಿಕೆ ನಡೆಸುವವರು, ಊರಿನ ಸುದ್ದಿ ಬರೆಯುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಮುಂಬೈ, ಠಾಣೆ, ಡೊಂಬಿವಲಿ, ಪುಣೆ, ಎಲ್ಲ ಕಡೆಯಿಂದಲೂ ಇವು ಬರುತ್ತವೆ. ಎಲ್ಲದರ ಹಿಂದೆ ಇರುವುದು ಒಂದೇ ಭಯ. ನಿಜ ಹೇಳಿದರೂ ಕೋರ್ಟಿಗೆ ಎಳೆದರೆ ಏನು ಗತಿ? ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಕಾನೂನು ಏನು ಹೇಳುತ್ತದೆ ಎಂದು ತಿಳಿದವರನ್ನು ಹೆದರಿಸುವುದು ಕಷ್ಟ. ಅದಕ್ಕಾಗಿಯೇ ಇದನ್ನು ಬರೆದಿದ್ದೇನೆ. ನಿಮ್ಮ ಕೈಗೆ ಈಗಾಗಲೇ ಕೋರ್ಟಿನ ಕಾಗದ ಬಂದಿದ್ದರೆ ಇದನ್ನು ಓದಿ, ಆದರೆ ವಕೀಲರನ್ನು ನೋಡುವುದನ್ನು ಮುಂದೂಡಬೇಡಿ.

ಸಂವಿಧಾನ ಮಾತನಾಡುವ ಹಕ್ಕು ಕೊಟ್ಟಿದೆ. ಹಾಗಿರುವಾಗ ಮಾತಿಗೆ ಕೇಸ್ ಹೇಗೆ ಹಾಕುತ್ತಾರೆ?

ಸಂವಿಧಾನದ 19(1)(ಎ) ವಿಧಿ ಮಾತಿನ ಹಕ್ಕು ಕೊಡುತ್ತದೆ. ಅದರ ಕೆಳಗೇ 19(2) ಇದೆ. ಯಾವ ಕಾರಣಗಳಿಗೆ ಆ ಹಕ್ಕಿಗೆ ಮಿತಿ ಹಾಕಬಹುದು ಎಂದು ಅದು ಹೇಳುತ್ತದೆ: ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ, ಹೀಗೆ. ಮಾನಹಾನಿಯೂ ಆ ಪಟ್ಟಿಯಲ್ಲಿದೆ. ಅಂದರೆ ನಿಮಗೆ ಮಾತಿನ ಹಕ್ಕು ಇದ್ದ ಹಾಗೆಯೇ ಇನ್ನೊಬ್ಬರಿಗೆ ಮರ್ಯಾದೆಯ ಹಕ್ಕು ಇದೆ. ಎರಡೂ ಎದುರಾದಾಗ ಕೋರ್ಟ್ ತೂಗಿ ನೋಡುತ್ತದೆ.

ಆ ಪಟ್ಟಿಯ ಹೊರಗಿನ ಕಾರಣಕ್ಕೆ ಬಾಯಿ ಮುಚ್ಚಿಸುವ ಹಾಗಿಲ್ಲ. ಇದಕ್ಕೆ ನಮ್ಮ ಪಕ್ಕದ ಪಾಲ್ಘರ್‌ಗಿಂತ ದೊಡ್ಡ ಉದಾಹರಣೆ ಬೇಡ. 2012ರ ನವೆಂಬರ್‌ನಲ್ಲಿ ಬಾಳಾ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಗಿತ್ತು. ಅದನ್ನು ಪ್ರಶ್ನಿಸಿ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು, ಅವಳ ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಇಂಥ ಬಂಧನಗಳಿಗೆ ಆಧಾರವಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ, ಪೂರ್ತಿ ರದ್ದು ಮಾಡಿತು. ಯಾರಿಗೋ ಕಿರಿಕಿರಿಯಾಯಿತು ಎಂಬುದು ಮಾತಿಗೆ ಶಿಕ್ಷೆ ಕೊಡಲು ಕಾರಣವಾಗುವುದಿಲ್ಲ.

ಸಿವಿಲ್ ಮಾನನಷ್ಟ, ಕ್ರಿಮಿನಲ್ ಮಾನಹಾನಿ: ಏನು ವ್ಯತ್ಯಾಸ?

ಸಿವಿಲ್ ದಾವೆಯಲ್ಲಿ ಎದುರಾಳಿ ಕೇಳುವುದು ದುಡ್ಡು, ಇಲ್ಲವೇ ಬರೆದದ್ದನ್ನು ತೆಗೆಸುವ ಆದೇಶ, ಇಲ್ಲವೇ ಎರಡೂ. ಇದಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ. ಹಳೆಯ ತೀರ್ಪುಗಳ ಮೇಲೆ ನಿಂತ ಕಾನೂನು ಇದು.

ಕ್ರಿಮಿನಲ್ ಎಂದರೆ ಹಿಂದಿನ ಐಪಿಸಿ 499 ಮತ್ತು 500. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಇದಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ಬಂಧಿಸುವ ಹಾಗಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ದೂರು ಕೊಡಬೇಕು. ಹೊಸ ಕಾನೂನಿನಲ್ಲಿ ಇನ್ನೊಂದು ಒಳ್ಳೆಯ ಬದಲಾವಣೆ ಇದೆ. ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲೇ ಮ್ಯಾಜಿಸ್ಟ್ರೇಟ್ ನಿಮ್ಮ ಮಾತು ಕೇಳಬೇಕು.

ಒಂದೇ ಬರಹಕ್ಕೆ ಎರಡೂ ಕೇಸ್ ಹಾಕಬಹುದು. ಹಾಕುತ್ತಾರೆ ಕೂಡ. ಮಾತಿಗಾಗಿ ಜೈಲು ಇರಬಾರದು ಎಂದು ವಾದಿಸಿ ಹಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2016ರ ಮೇ ತಿಂಗಳಲ್ಲಿ, ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ, ಕೋರ್ಟ್ ಒಪ್ಪಲಿಲ್ಲ. ಮರ್ಯಾದೆಯೂ ಬದುಕುವ ಹಕ್ಕಿನ ಭಾಗ ಎಂದಿತು. ಮರ್ಯಾದೆ ದೊಡ್ಡದೇ. ಆದರೆ ಅದಕ್ಕೆ ಆದ ನಷ್ಟವನ್ನು ಸಿವಿಲ್ ಕೋರ್ಟಿನಲ್ಲಿ ತುಂಬಿಸಿಕೊಳ್ಳಬಹುದಾದ್ದರಿಂದ, ಜೈಲಿನ ಭಯ ಬೇಕಾಗಿಲ್ಲ ಎಂದೇ ನನ್ನ ನಂಬಿಕೆ.

ನಾನು ಬರೆದದ್ದು ನಿಜ. ಆದರೂ ಹೆದರಬೇಕೇ?

ಸಿವಿಲ್ ದಾವೆಯಲ್ಲಿ ಸತ್ಯವೇ ಪೂರ್ತಿ ರಕ್ಷಣೆ. ಬರೆದದ್ದು ನಿಜ ಎಂದು ತೋರಿಸಿದರೆ ಕೇಸ್ ಅಲ್ಲಿಗೇ ಬಿತ್ತು. ಕ್ರಿಮಿನಲ್‌ನಲ್ಲಿ ಸತ್ಯದ ಜೊತೆಗೆ ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು.

ತೊಡಕು ಇರುವುದು "ತೋರಿಸಿದರೆ" ಎಂಬಲ್ಲಿ. ನಿಜ ಎಂದು ರುಜುವಾತು ಮಾಡುವ ಹೊಣೆ ಬರೆದವರದ್ದು. ಸುಳ್ಳು ಎಂದು ತೋರಿಸುವ ಹೊಣೆ ಎದುರಾಳಿಗೆ ಇಲ್ಲ. ನಿಮಗೆ ಗೊತ್ತಿರುವುದು ಬೇರೆ, ಕೋರ್ಟಿನಲ್ಲಿ ಕಾಗದದ ಮೇಲೆ ನಿಲ್ಲಿಸಬಹುದಾದದ್ದು ಬೇರೆ. "ಎಲ್ಲರಿಗೂ ಗೊತ್ತಿರುವ ವಿಷಯ" ಎಂದು ನ್ಯಾಯಾಧೀಶರ ಮುಂದೆ ಹೇಳಿದರೆ ನಡೆಯುವುದಿಲ್ಲ. ನಿಮಗೆ ವಿಷಯ ಹೇಳಿದವರು ಸಾಕ್ಷಿ ಹೇಳಲು ಬರುತ್ತಾರೆಯೇ? ಮೂಲ ರಸೀದಿ ಎಲ್ಲಿದೆ? ಫೋಟೋ ಯಾವ ಫೋನಿನಲ್ಲಿ ತೆಗೆದದ್ದು, ಆ ಫೋನ್ ಇನ್ನೂ ಇದೆಯೇ? ಇಂಥ ಪ್ರಶ್ನೆಗಳನ್ನು ಬರೆಯುವ ಮೊದಲೇ ಕೇಳಿಕೊಳ್ಳಿ.

ವಾಟ್ಸಾಪ್ ಸಂದೇಶ, ಸ್ಕ್ರೀನ್‌ಶಾಟ್, ರೆಕಾರ್ಡಿಂಗ್ ಎಲ್ಲ ಸಾಕ್ಷಿಯಾಗುತ್ತವೆ. ಆದರೆ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಆದ್ದರಿಂದ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಒಮ್ಮೆ ಯೋಚಿಸಿ.

"ಇದು ನನ್ನ ಅಭಿಪ್ರಾಯ" ಎಂದು ಬರೆದರೆ ಸಾಕಾಗುತ್ತದೆಯೇ?

ಅಭಿಪ್ರಾಯ ನಿಜವಾಗಿಯೂ ಅಭಿಪ್ರಾಯವಾಗಿದ್ದರೆ ಸಾಕು. ಮಾತುಂಗಾದ ಒಂದು ಹೋಟೆಲಿಗೆ ಹೋಗಿ ಬಂದು "ಸಾಂಬಾರ್ ನೀರು ನೀರಾಗಿತ್ತು, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ" ಎಂದು ಬರೆಯುತ್ತೀರಿ. ಅದು ಅಭಿಪ್ರಾಯ. "ನನ್ನ ಅಭಿಪ್ರಾಯದಲ್ಲಿ ಇವರು ಇನ್‌ಸ್ಪೆಕ್ಟರಿಗೆ ದುಡ್ಡು ಕೊಟ್ಟು ಲೈಸೆನ್ಸ್ ಉಳಿಸಿಕೊಂಡಿದ್ದಾರೆ" ಎಂದರೆ ಅದು ಅಭಿಪ್ರಾಯವಲ್ಲ. ಅದೊಂದು ಘಟನೆ ನಡೆದಿದೆ ಎಂದು ನೀವು ಹೇಳುತ್ತಿದ್ದೀರಿ. ಮುಂದೆ ಏನು ಸೇರಿಸಿದರೂ ಅದು ಆರೋಪವೇ. ರುಜುವಾತು ಕೇಳುತ್ತಾರೆ.

ಟೀಕೆ ಕಟುವಾಗಿರಬಹುದು, ಹರಿತವಾಗಿರಬಹುದು. ಅದರ ಕೆಳಗಿನ ಸಂಗತಿ ಮಾತ್ರ ನಿಜವಾಗಿರಬೇಕು, ಓದುವವರಿಗೆ ಆ ಸಂಗತಿ ಕಾಣುವ ಹಾಗಿರಬೇಕು.

ಹೆಸರೇ ಬರೆದಿಲ್ಲವಲ್ಲ?

ಓದಿದವರಿಗೆ ಯಾರು ಎಂದು ತಿಳಿದರೆ ಸಾಕು, ಹೆಸರು ಬೇಕಿಲ್ಲ. ಮುಂಬೈ ಕನ್ನಡಿಗರ ವಲಯ ಚಿಕ್ಕದು. "ನಮ್ಮ ಸಂಘದ ಹಿಂದಿನ ಖಜಾಂಚಿ" ಎಂದರೆ ನಾಲ್ಕು ಜನ ತಕ್ಷಣ ಗುರುತು ಹಿಡಿಯುತ್ತಾರೆ, ಅಲ್ವಾ?

ನಾನು ಬರೆದದ್ದಲ್ಲ, ಬರೀ ಫಾರ್ವರ್ಡ್ ಮಾಡಿದೆ. ನಾನೂ ಹೊಣೆಯೇ?

ಹೌದು. ಒಬ್ಬರು ಹೇಳಿದ ಮಾನಹಾನಿಯ ಮಾತನ್ನು ಇನ್ನೊಬ್ಬರು ಹರಡಿದರೆ ಅದು ಹೊಸ ಪ್ರಕಟಣೆ. 2024ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಅರವಿಂದ ಕೇಜ್ರಿವಾಲ್ ಅವರ ಪ್ರಕರಣದಲ್ಲಿ ಇದನ್ನೇ ಹೇಳಿತು. ಮಾನಹಾನಿಯ ವಿಷಯವನ್ನು ರೀಟ್ವೀಟ್ ಮಾಡಿದ್ದೂ ಮಾನಹಾನಿಯಾಗಬಹುದು ಎಂದಿತು. "ಬಂದದ್ದನ್ನು ಕಳಿಸಿದ್ದೇನೆ, ನಿಜವೋ ಸುಳ್ಳೋ ಗೊತ್ತಿಲ್ಲ" ಎಂಬ ಸಾಲು ಯಾರನ್ನೂ ಉಳಿಸುವುದಿಲ್ಲ.

ಗ್ರೂಪ್ ಅಡ್ಮಿನ್‌ಗಳಿಗೆ ಸಮಾಧಾನದ ಸುದ್ದಿ ಇದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಒಂದು ಕ್ರಿಮಿನಲ್ ಪ್ರಕರಣದಲ್ಲಿ ಹೀಗೆ ಹೇಳಿದೆ: ಅಡ್ಮಿನ್‌ಗೆ ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರ ಮಾತ್ರ ಇರುತ್ತದೆ. ಸದಸ್ಯರೊಬ್ಬರು ಹಾಕಿದ್ದಕ್ಕೆ, ಇಬ್ಬರೂ ಸೇರಿ ಮಾಡಿದ್ದು ಎಂದು ತೋರಿಸದ ಹೊರತು, ಅಡ್ಮಿನ್ ಹೊಣೆಯಲ್ಲ.

ಸೊಸೈಟಿಯ ಲೆಕ್ಕದಲ್ಲಿ ಗೋಲ್‌ಮಾಲ್ ಇದೆ. ಕಮಿಟಿಯವರು "ಮಾತಾಡಿದರೆ ಮಾನನಷ್ಟ ಹಾಕ್ತೇವೆ" ಅಂತಿದ್ದಾರೆ.

ಮುಂಬೈಯಲ್ಲಿ ಅತಿ ಜಾಸ್ತಿ ಕೇಳಿಬರುವ ಬೆದರಿಕೆ ಇದು. ನೀವು ಎಲ್ಲಿ ಮಾತನಾಡುತ್ತೀರಿ ಎಂಬುದು ಇಲ್ಲಿ ಮುಖ್ಯ. ಅಧಿಕಾರ ಇರುವವರ ಮುಂದೆ ಒಳ್ಳೆಯ ನಂಬಿಕೆಯಿಂದ ಕೊಟ್ಟ ದೂರಿಗೆ ಕಾನೂನಿನಲ್ಲೇ ರಕ್ಷಣೆ ಇದೆ. ಸಹಕಾರ ಇಲಾಖೆಯ ಡೆಪ್ಯುಟಿ ರಿಜಿಸ್ಟ್ರಾರ್‌ಗೆ ನೀವು ಬರೆಯುವ ಪತ್ರ ಆ ರಕ್ಷಣೆಯೊಳಗೆ ಬರುತ್ತದೆ. ಸರ್ವಸಾಧಾರಣ ಸಭೆಯಲ್ಲಿ ಸದಸ್ಯರಾಗಿ ಲೆಕ್ಕ ಕೇಳುವುದು ನಿಮ್ಮ ಹಕ್ಕು. ಸದಸ್ಯರಿಗೆ ಸೊಸೈಟಿಯ ಲೆಕ್ಕಪತ್ರ ನೋಡುವ ಹಕ್ಕನ್ನು ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯೇ ಕೊಟ್ಟಿದೆ.

ಅದೇ ಮಾತನ್ನು ಕಟ್ಟಡದ ಗ್ರೂಪಿನಲ್ಲಿ, ಬಾಡಿಗೆಯವರು, ಬ್ರೋಕರುಗಳು ಎಲ್ಲ ಇರುವ ಕಡೆ, "ಸೆಕ್ರೆಟರಿ ಕಳ್ಳ" ಎಂದು ಹಾಕಿದಿರಿ ಎನ್ನಿ. ಆ ರಕ್ಷಣೆ ತೆಳುವಾಗಿಬಿಡುತ್ತದೆ. "ಪೇಂಟಿಂಗ್ ಕೆಲಸಕ್ಕೆ ಎಷ್ಟು ಟೆಂಡರ್ ಬಂದವು? ಕಡಿಮೆ ದರದವರನ್ನು ಯಾಕೆ ಬಿಟ್ಟಿರಿ? ಬಿಲ್ ತೋರಿಸಿ" ಎಂದು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಬಾರದ್ದನ್ನೂ ದಾಖಲಿಸಿ. ಇದರಿಂದ ಕಮಿಟಿಯವರಿಗೆ ಇಕ್ಕಟ್ಟಾಗುತ್ತದೆ, ನಿಮಗೆ ಆಗುವುದಿಲ್ಲ. ಇಂಥ ಬೆದರಿಕೆಗೆ ಹೆದರಿ ಲೆಕ್ಕ ಕೇಳುವುದನ್ನೇ ಬಿಟ್ಟವರನ್ನು ಕಂಡರೆ ನನಗೆ ತುಂಬಾ ಬೇಸರವಾಗುತ್ತದೆ. ಅದು ಅವರದ್ದೇ ಹಣ.

ಡೊಂಬಿವಲಿಯಲ್ಲಿ ಕೂತು ಊರಿನ ದೇವಸ್ಥಾನದ ಸಮಿತಿ ಬಗ್ಗೆ ಬರೆದೆ. ಕೇಸ್ ಉಡುಪಿಯಲ್ಲಿ ಹಾಕಬಹುದೇ?

ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಂ ಪ್ರಕಾರ ಹಾನಿ ಆದ ಜಾಗದಲ್ಲೂ ದಾವೆ ಹೂಡಬಹುದು, ನೀವು ವಾಸವಿರುವ ಜಾಗದಲ್ಲೂ ಹೂಡಬಹುದು. ಯಾವುದು ಎಂದು ಆರಿಸುವವರು ದಾವೆ ಹಾಕುವವರು. ಊರಿನವರು ಓದಿದ್ದಾರೆ, ಊರಿನಲ್ಲಿ ಅವರ ಮರ್ಯಾದೆ ಹೋಗಿದೆ ಎಂದರೆ ಉಡುಪಿ ಕೋರ್ಟ್ ಕೇಸ್ ತೆಗೆದುಕೊಳ್ಳುತ್ತದೆ. ಕ್ರಿಮಿನಲ್ ದೂರುಗಳದ್ದೂ ಬಹುಮಟ್ಟಿಗೆ ಇದೇ ಕಥೆ. ರಾಹುಲ್ ಗಾಂಧಿ 2019ರಲ್ಲಿ ನಮ್ಮ ಕೋಲಾರದಲ್ಲಿ ಆಡಿದ ಮಾತಿಗೆ 2023ರಲ್ಲಿ ಎರಡು ವರ್ಷ ಶಿಕ್ಷೆ ಕೊಟ್ಟಿದ್ದು ಗುಜರಾತಿನ ಸೂರತ್ ಕೋರ್ಟ್. ಆ ಶಿಕ್ಷೆಯಿಂದ ಲೋಕಸಭೆಯ ಸ್ಥಾನವೇ ಹೋಯಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ವಾಪಸ್ ಬಂತು.

ಮುಂಬೈಯಿಂದ ಪ್ರತಿ ತಾರೀಖಿಗೂ ರಾತ್ರಿ ಬಸ್ಸೋ ರೈಲೋ ಹತ್ತಿ ಊರಿಗೆ ಹೋಗುವುದು ಸಣ್ಣ ಕಷ್ಟವಲ್ಲ. ಸಿವಿಲ್ ಕೇಸಿನಲ್ಲಿ ವಕೀಲರು ನಿಮ್ಮ ಪರವಾಗಿ ನಿಂತರೆ ಪ್ರತಿ ಬಾರಿ ನೀವೇ ಹೋಗಬೇಕಿಲ್ಲ. ಕ್ರಿಮಿನಲ್‌ನಲ್ಲಿ ಖುದ್ದು ಹಾಜರಾತಿಗೆ ವಿನಾಯಿತಿ ಕೇಳಬಹುದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೇಸ್ ವರ್ಗ ಮಾಡಿಸಬೇಕೆಂದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು.

ಕನ್ನಡದಲ್ಲಿ ಬರೆದದ್ದನ್ನು ಮುಂಬೈ ಕೋರ್ಟ್ ಹೇಗೆ ಓದುತ್ತದೆ?

ಅನುವಾದದ ಮೂಲಕ. ಮೂಲದ ಜೊತೆ ಇಂಗ್ಲಿಷ್ ಇಲ್ಲವೇ ಮರಾಠಿ ಅನುವಾದ ಫೈಲ್ ಆಗುತ್ತದೆ. ಎದುರಾಳಿ ಕೊಟ್ಟ ಅನುವಾದವನ್ನು ಸಾಲು ಸಾಲಾಗಿ ಓದಿ, ತಪ್ಪಿದ್ದರೆ ಮೊದಲ ಹಂತದಲ್ಲೇ ಲಿಖಿತವಾಗಿ ಆಕ್ಷೇಪಿಸಿ. ತುಳು, ಕೊಂಕಣಿಯಲ್ಲಿ ಮಾತನಾಡಿದ ವಿಡಿಯೋ ಆದರೆ ಇನ್ನೂ ಎಚ್ಚರ ಬೇಕು.

ಸರ್ಕಾರವನ್ನೋ ಮಹಾನಗರ ಪಾಲಿಕೆಯನ್ನೋ ಟೀಕಿಸಿದರೆ?

1994ರ ಆರ್. ರಾಜಗೋಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಸರ್ಕಾರ, ಸ್ಥಳೀಯ ಸಂಸ್ಥೆ, ಆಡಳಿತದ ಅಧಿಕಾರ ನಡೆಸುವ ಸಂಸ್ಥೆ, ಇವು ತಮ್ಮ ಮಾನ ಹೋಯಿತು ಎಂದು ಪರಿಹಾರದ ದಾವೆ ಹಾಕುವ ಹಾಗಿಲ್ಲ. ಗುಂಡಿ ಬಿದ್ದ ರಸ್ತೆ, ಮುಳುಗಿದ ಹಿಂದ್‌ಮಾತಾ, ಮುಚ್ಚುತ್ತಿರುವ ಕನ್ನಡ ಶಾಲೆ, ಯಾವುದರ ಬಗ್ಗೆಯೂ ಪಾಲಿಕೆಯನ್ನು ಧೈರ್ಯವಾಗಿ ಟೀಕಿಸಿ. ಅಧಿಕಾರಿಯೊಬ್ಬರ ಕರ್ತವ್ಯದ ಬಗ್ಗೆ ಬರೆದದ್ದು ಸುಳ್ಳಾಗಿದ್ದರೂ, ಬರೆದವರು ಸತ್ಯ ಏನು ಎಂದು ನೋಡುವ ಗೋಜಿಗೇ ಹೋಗಲಿಲ್ಲ ಎಂದು ತೋರಿಸಿದರೆ ಮಾತ್ರ ಪರಿಹಾರ ಎಂದೂ ಅದೇ ತೀರ್ಪು ಹೇಳುತ್ತದೆ. ಅಧಿಕಾರಿಯ ಮನೆ, ಸಂಸಾರದ ವಿಷಯಕ್ಕೆ ಈ ಸಡಿಲಿಕೆ ಇಲ್ಲ.

ಕೇಂದ್ರ ಸರ್ಕಾರ ತನ್ನ ಬಗ್ಗೆ ಬಂದ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ತೀರ್ಮಾನಿಸುವ ಫ್ಯಾಕ್ಟ್ ಚೆಕ್ ಘಟಕ ಮಾಡಲು ಹೊರಟಿತ್ತು. ಅದನ್ನು ಪ್ರಶ್ನಿಸಿದ್ದು ಮುಂಬೈಯಲ್ಲೇ, ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತು ಇತರರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ನಡುವೆ ಭಿನ್ನಮತ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಮೂರನೆಯವರಾದ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದರು.

ನೋಟಿಸಿನಲ್ಲಿ 50 ಕೋಟಿ ಕೇಳಿದ್ದಾರೆ. ಅಷ್ಟು ಕೊಡಬೇಕಾಗುತ್ತದೆಯೇ?

ಮೊದಲು ಒಂದು ಮಾತು. ವಕೀಲರ ನೋಟಿಸ್ ಕೋರ್ಟಿನ ಆದೇಶವಲ್ಲ. ಅದರಲ್ಲಿರುವ ಮೊತ್ತ ಅವರು ಬರೆದುಕೊಂಡದ್ದು. ನೋಟಿಸ್ ಕಳಿಸಿ ಸುಮ್ಮನಾಗುವವರೂ ಬೇಕಾದಷ್ಟು ಜನ ಇದ್ದಾರೆ.

ದಾವೆ ಹಾಕಬೇಕೆಂದರೆ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ಆದರೆ ಮಹಾರಾಷ್ಟ್ರದಲ್ಲಿ ಆ ಫೀಗೆ 10 ಲಕ್ಷ ರೂಪಾಯಿಯ ಮೇಲ್ಮಿತಿ ಇದೆ. 2018ಕ್ಕೆ ಮೊದಲು 3 ಲಕ್ಷ ಇತ್ತು. ದೊಡ್ಡ ಕಂಪನಿಗೆ 100 ಕೋಟಿ ಕೇಳಲೂ 500 ಕೋಟಿ ಕೇಳಲೂ ಫೀ ಒಂದೇ. ಹಾಗಾಗಿ ಅಂಕಿ ದೊಡ್ಡದು ಎಂದ ಮಾತ್ರಕ್ಕೆ ಕೇಸ್ ಗಟ್ಟಿ ಎಂದು ತಿಳಿಯಬೇಡಿ. ಮುಂಬೈ ನಗರದಲ್ಲಿ ಈಗ 10 ಕೋಟಿವರೆಗಿನ ದಾವೆ ಸಿಟಿ ಸಿವಿಲ್ ಕೋರ್ಟಿಗೆ ಹೋಗುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಹೈಕೋರ್ಟಿಗೆ.

ಆದರೂ ದೊಡ್ಡ ಮೊತ್ತ ಎಂದೂ ಕೊಡಿಸುವುದಿಲ್ಲ ಎಂದುಕೊಳ್ಳಬೇಡಿ. 2008ರ ಸೆಪ್ಟೆಂಬರ್‌ನಲ್ಲಿ ಟೈಮ್ಸ್ ನೌ ಚಾನೆಲ್ ಭವಿಷ್ಯನಿಧಿ ಹಗರಣದ ಸುದ್ದಿಯಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಹೆಸರು ಹೇಳುತ್ತಾ, ತಪ್ಪಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತರ ಫೋಟೋ ತೋರಿಸಿತು. ಕೆಲವೇ ಸೆಕೆಂಡು. ಸಾವಂತರು ಪುಣೆ ಕೋರ್ಟಿನಲ್ಲಿ 100 ಕೋಟಿಯ ದಾವೆ ಹೂಡಿದರು. 2011ರಲ್ಲಿ ಕೋರ್ಟ್ ಪೂರ್ತಿ 100 ಕೋಟಿ ಕೊಡಿಸಿತು. ಮೇಲ್ಮನವಿ ಕೇಳಬೇಕಾದರೆ 20 ಕೋಟಿ ನಗದು ಇಡಿ, ಉಳಿದ 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದು ಬಾಂಬೆ ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ತಪ್ಪು ಫೋಟೋದಿಂದ ಒಬ್ಬ ಮನುಷ್ಯನ ಇಡೀ ಜೀವನದ ಹೆಸರಿಗೆ ಮಸಿ ಬೀಳುತ್ತದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇದೇ ಅಳತೆಯನ್ನು ಒಂದು ಸಣ್ಣ ಕನ್ನಡ ಪತ್ರಿಕೆಗೆ ಹಾಕಿದರೆ ಅದು ಮರುದಿನವೇ ಮುಚ್ಚಿಹೋಗುತ್ತದೆ.

ನೋಟಿಸ್ ಬಂದ ದಿನ ಮೊದಲು ಏನು ಮಾಡಬೇಕು?

ಸಿಟ್ಟಿನಲ್ಲಿ ನೋಟಿಸಿನ ಫೋಟೋ ಹಾಕಿ ಇನ್ನೊಂದು ಬರಹ ಬರೆಯಬೇಡಿ. ಅದೇ ಎರಡನೇ ಕೇಸಿಗೆ ದಾರಿ. ಬರೆದದ್ದರ, ಅದಕ್ಕೆ ಆಧಾರವಾದ ಕಾಗದಗಳ ಪ್ರತಿ ತೆಗೆದಿಡಿ. ಲಕೋಟೆಯನ್ನೂ ಇಟ್ಟುಕೊಳ್ಳಿ, ತಾರೀಖು ಅದರ ಮೇಲಿರುತ್ತದೆ.

ಆಮೇಲೆ ವಕೀಲರ ಹತ್ತಿರ ಕೇವಿಯಟ್ ಬಗ್ಗೆ ಕೇಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಇದು. "ನನ್ನ ಮಾತು ಕೇಳದೆ ಆದೇಶ ಕೊಡಬೇಡಿ" ಎಂದು ಮುಂಚೆಯೇ ಕೋರ್ಟಿಗೆ ಅರ್ಜಿ ಹಾಕಿಟ್ಟರೆ 90 ದಿನ ಅದು ಜೀವಂತ. ಎದುರಾಳಿ ದಾವೆ ಹಾಕಿ ಅದೇ ದಿನ ತಡೆಯಾಜ್ಞೆ ಕೇಳಿದರೂ ನಿಮಗೆ ತಿಳಿಸಬೇಕಾಗುತ್ತದೆ. ಖರ್ಚು ಕಡಿಮೆ, ಪ್ರಯೋಜನ ಬಹಳ. ಇಷ್ಟು ಒಳ್ಳೆಯ ಉಪಾಯ ಜನರಿಗೆ ಗೊತ್ತೇ ಇಲ್ಲವಲ್ಲ ಎಂದು ಅನಿಸುತ್ತದೆ.

ತಡೆಯಾಜ್ಞೆ ಬಂದುಬಿಟ್ಟಿದೆ. ಬರೆದದ್ದನ್ನು ತೆಗೆಯಬೇಕೇ?

ತೆಗೆಯಲೇಬೇಕು. ಆದೇಶ ತಪ್ಪು ಎಂದು ನಿಮಗೆ ಎಷ್ಟೇ ಅನಿಸಿದರೂ ಮೊದಲು ಪಾಲಿಸಿ, ಆಮೇಲೆ ಹೋರಾಡಿ. ಉಲ್ಲಂಘಿಸಿದರೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು. ಹೋರಾಡಲು ಆಧಾರ ಚೆನ್ನಾಗಿದೆ. ನಿಮ್ಮನ್ನು ಕೇಳದೆ ಆದೇಶ ಕೊಟ್ಟಿದ್ದರೆ ಅದನ್ನು ರದ್ದು ಮಾಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಅಂಥ ತಡೆಯಾಜ್ಞೆ ಅರ್ಜಿಯನ್ನು 30 ದಿನದೊಳಗೆ ಮುಗಿಸಲು ಕೋರ್ಟ್ ಪ್ರಯತ್ನಿಸಬೇಕು ಎಂದು ಕಾನೂನೇ ಹೇಳುತ್ತದೆ.

2024ರ ಬ್ಲೂಮ್‌ಬರ್ಗ್ ಪ್ರಕರಣವನ್ನು ನಿಮ್ಮ ವಕೀಲರ ಮುಂದೆ ಇಡಿ. ಟಿವಿ ಚಾನೆಲ್ ನಡೆಸುವ ಜೀ ಕಂಪನಿಯ ಲೆಕ್ಕದ ಬಗ್ಗೆ ಫೆಬ್ರವರಿ 21ರಂದು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಒಂದು ವರದಿ ಪ್ರಕಟಿಸಿತ್ತು. ಮಾರ್ಚ್ 1ರಂದು ದೆಹಲಿಯ ಕೆಳ ಕೋರ್ಟ್ ಅದನ್ನು ತೆಗೆಯಲು ಹೇಳಿತು, ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಮಾರ್ಚ್ 22ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ಬರೆದದ್ದು ದುರುದ್ದೇಶದ್ದು ಇಲ್ಲವೇ ಮೇಲ್ನೋಟಕ್ಕೇ ಸುಳ್ಳು ಎಂದು ಕಾಣದಿದ್ದರೆ, ಪೂರ್ತಿ ವಿಚಾರಣೆಗೆ ಮೊದಲು ಬರಹ ತೆಗೆಸುವ ಆದೇಶ ಕೊಡಬಾರದು ಎಂದಿತು. ಈ ನಿಯಮದ ಬೇರು 1891ರ ಒಂದು ಇಂಗ್ಲಿಷ್ ತೀರ್ಪಿನಲ್ಲಿದೆ.

ಹಾಗಿದ್ದರೂ ಕೆಳ ಕೋರ್ಟುಗಳು ದೊಡ್ಡ ದೊಡ್ಡ ತಡೆಯಾಜ್ಞೆ ಕೊಡುವುದನ್ನು ನಿಲ್ಲಿಸಿಲ್ಲ. 2025ರ ಜುಲೈಯಲ್ಲಿ ಧರ್ಮಸ್ಥಳದ ವಿಚಾರದಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟ್ 8,800ಕ್ಕೂ ಜಾಸ್ತಿ ಲಿಂಕ್‌ಗಳನ್ನು ತೆಗೆಯಲು ಆದೇಶಿಸಿತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ರಂದು ಹೈಕೋರ್ಟ್ ಆ ಚಾನೆಲ್ ಮಟ್ಟಿಗೆ ಆದೇಶ ರದ್ದು ಮಾಡಿತು. ಹೋದವರಿಗೆ ಸಿಕ್ಕಿತು ಎಂಬುದನ್ನು ಗಮನಿಸಿ.

ಕೋರ್ಟಿನ ಸಮನ್ಸನ್ನು ತೆಗೆದುಕೊಳ್ಳದೆ ಇದ್ದರೆ?

ದಯವಿಟ್ಟು ಹಾಗೆ ಮಾಡಬೇಡಿ. ಸಮನ್ಸ್ ಸಿಕ್ಕಿದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕಾರಣ ಹೇಳಿದರೆ 90 ದಿನದವರೆಗೆ ಸಿಗಬಹುದು. ನೀವು ಹೋಗದಿದ್ದರೆ ಕೇಸ್ ನಿಲ್ಲುವುದಿಲ್ಲ, ನೀವಿಲ್ಲದೆ ನಡೆಯುತ್ತದೆ. ಆಗ ಸತ್ಯವೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ, ಹೇಳುವವರೇ ಇಲ್ಲವಲ್ಲ. 2023ರಲ್ಲಿ ರಾಜ್ಯಸಭಾ ಸದಸ್ಯರಾದ ಸಾಕೇತ್ ಗೋಖಲೆ ಮಾಜಿ ರಾಜತಾಂತ್ರಿಕ ಅಧಿಕಾರಿ ಲಕ್ಷ್ಮಿ ಪುರಿ ಅವರ ಬಗ್ಗೆ 2021ರಲ್ಲಿ ಟ್ವೀಟ್ ಮಾಡಿದ್ದರು. ದಾವೆ ಅವರ ಗೈರುಹಾಜರಿಯಲ್ಲಿ ಮುಂದುವರಿಯಿತು. 2024ರ ಜುಲೈಯಲ್ಲಿ ದೆಹಲಿ ಹೈಕೋರ್ಟ್ 50 ಲಕ್ಷ ರೂಪಾಯಿ ಮತ್ತು ಬಹಿರಂಗ ಕ್ಷಮೆಗೆ ಆದೇಶಿಸಿತು. ಹಣ ಕಟ್ಟದಿದ್ದಾಗ 2025ರಲ್ಲಿ ಸಂಬಳಕ್ಕೇ ಕೈ ಹಾಕಿತು.

ಸೋತರೆ ಮನೆ, ಸಂಬಳ ಹೋಗುತ್ತದೆಯೇ? ಜೈಲು?

ಡಿಕ್ರಿಯ ಹಣ, ಅಂದರೆ ಕೋರ್ಟ್ ಕೊಡಿ ಎಂದ ಹಣ, ಕಟ್ಟದಿದ್ದರೆ ಗೆದ್ದವರು 12 ವರ್ಷದೊಳಗೆ ವಸೂಲಿಗಾಗಿ ಅಮಲ್ಜಾರಿ ಅರ್ಜಿ ಹಾಕಬಹುದು. ಬ್ಯಾಂಕ್ ಖಾತೆ, ಫ್ಲಾಟು, ಅಂಗಡಿ ಜಪ್ತಿಯಾಗಬಹುದು. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವ ಹಾಗಿಲ್ಲ. ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಸಂಬಳ ಹಿಡಿದ ಮೇಲೆ ಅದೇ ಡಿಕ್ರಿಗೆ ಮತ್ತೆ ಹಿಡಿಯುವ ಹಾಗಿಲ್ಲ. ಭವಿಷ್ಯನಿಧಿ, ಕುಶಲಕರ್ಮಿಯ ಉಪಕರಣ, ಅಡುಗೆ ಪಾತ್ರೆ ಇವೆಲ್ಲ ಸುರಕ್ಷಿತ.

ಸಿವಿಲ್ ಜೈಲು ಇದೆ, ಗರಿಷ್ಠ ಮೂರು ತಿಂಗಳು. ಆದರೆ ಹಣ ಇದ್ದೂ ಕೊಡದವರಿಗೆ ಅದು. ಬಡತನಕ್ಕೆ ಜೈಲು ಇಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ಹೇಳಿದೆ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವ ಹಾಗೇ ಇಲ್ಲ.

ನಾನು ತೀರಿಕೊಂಡರೆ ಕೇಸ್ ಮಕ್ಕಳ ತಲೆಗೆ ಬರುತ್ತದೆಯೇ?

ತೀರ್ಪಿಗೆ ಮೊದಲು ತೀರಿಕೊಂಡರೆ ಮಾನನಷ್ಟದ ದಾವೆ ಅಲ್ಲಿಗೇ ಮುಗಿಯುತ್ತದೆ. ತೀರ್ಪಿನ ನಂತರವಾದರೆ ನೀವು ಬಿಟ್ಟುಹೋದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆ ಉಳಿಯುತ್ತದೆ. ಮಕ್ಕಳು ತಾವು ದುಡಿದದ್ದರಿಂದ ಕೊಡಬೇಕಿಲ್ಲ.

ಅವರಿಗೆ ಗೆಲ್ಲುವ ಆಸೆ ಇಲ್ಲ, ನನ್ನನ್ನು ಸತಾಯಿಸಲು ಹಾಕಿದ್ದಾರೆ. ಇದಕ್ಕೆ ಕಾನೂನು ಇಲ್ಲವೇ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ತೀರ್ಪು ಬರುವ ಮೊದಲೇ ಶಿಕ್ಷೆ ಮುಗಿದಿರುತ್ತದೆ. ವಕೀಲರ ಫೀ, ಕೆಲಸ ಬಿಟ್ಟು ಕೋರ್ಟಿಗೆ ಓಡಾಟ, ಮನೆಯವರ ಆತಂಕ, ಹೋಟೆಲ್ ಕೆಲಸದವರಿಗೆ ಹೋಗುವ ದಿನಗೂಲಿ, ಎಲ್ಲ. ಮೇಧಾ ಪಾಟ್ಕರ್ ಮೇಲೆ ಹಾಕಿದ ಕ್ರಿಮಿನಲ್ ಮಾನಹಾನಿ ಕೇಸ್ 2000ದ ಒಂದು ಪತ್ರಿಕಾ ಹೇಳಿಕೆಯದ್ದು. ಅದು ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2025ರಲ್ಲಿ. ಅಷ್ಟು ವರ್ಷ ಹೋರಾಡುವ ಶಕ್ತಿ ಎಷ್ಟು ಜನರಿಗಿದೆ?

ಬಾಯಿ ಮುಚ್ಚಿಸಲೆಂದೇ ಹಾಕುವ ಇಂಥ ದಾವೆಗಳನ್ನು ಅಮೆರಿಕದಲ್ಲಿ 1980ರ ದಶಕದಲ್ಲೇ ಗುರುತಿಸಿ ಸ್ಲ್ಯಾಪ್ ಎಂದು ಕರೆದರು. ಕ್ಯಾಲಿಫೋರ್ನಿಯಾ 1992ರಲ್ಲಿ, ಕೆನಡಾದ ಒಂಟಾರಿಯೋ 2015ರಲ್ಲಿ ಇವನ್ನು ಆರಂಭದಲ್ಲೇ ವಜಾ ಮಾಡುವ ಕಾನೂನು ತಂದವು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಬ್ಲೂಮ್‌ಬರ್ಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಅಪಾಯವನ್ನು ಹೆಸರಿಟ್ಟು ಹೇಳಿದ್ದು ದೊಡ್ಡ ಹೆಜ್ಜೆ. ಆದರೆ ಗೆದ್ದವರ ಕೈಗೆ ಏನು ಬರುತ್ತದೆ ನೋಡಿ. ಸುಳ್ಳು ದಾವೆ ಹಾಕಿದವರಿಂದ ಕೊಡಿಸುವ ಪರಿಹಾರಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಂ ಹಾಕಿರುವ ಮಿತಿ 3,000 ರೂಪಾಯಿ. ಕೋರ್ಟ್ ಖರ್ಚು ಬೇರೆ ಕೊಡಿಸಬಹುದು, ಆದರೆ ನಿಜವಾಗಿ ಆದ ಖರ್ಚಿನ ಹತ್ತಿರಕ್ಕೂ ಅದು ಬರುವುದು ಅಪರೂಪ. ಈ ಮಿತಿ ಹೋಗಬೇಕು. ಆರಂಭದಲ್ಲೇ ವಜಾ ಮಾಡುವ ದಾರಿ ಬೇಕು. ನಮ್ಮ ಸಂಘಗಳು ಈ ವಿಷಯವನ್ನು ತಮ್ಮದೆಂದು ಎತ್ತಿಕೊಂಡರೆ ಒಳ್ಳೆಯದು. ಒಬ್ಬೊಬ್ಬರೇ ಹೋರಾಡುವಷ್ಟು ಸಣ್ಣ ವಿಷಯವಲ್ಲ ಇದು.

ಸದ್ಯಕ್ಕೆ ಇರುವ ದಾರಿ: ದಾವೆಯಲ್ಲಿ ಹುರುಳೇ ಇಲ್ಲ ಎಂದು ಅದರ ಅರ್ಜಿಯಿಂದಲೇ ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮದಡಿ ಆರಂಭದಲ್ಲೇ ತಿರಸ್ಕರಿಸಿ ಎಂದು ಕೇಳಬಹುದು.

ಕ್ಷಮೆ ಕೇಳಿದರೆ ಮುಗಿಯುತ್ತದೆಯೇ?

ಎದುರಾಳಿ ಒಪ್ಪಿದರೆ ಮುಗಿಯುತ್ತದೆ. ಅರುಣ್ ಜೇಟ್ಲಿ ಹಾಕಿದ್ದ 10 ಕೋಟಿಯ ದಾವೆ 2018ರಲ್ಲಿ ಕೇಜ್ರಿವಾಲ್ ಮತ್ತು ಸಂಗಡಿಗರ ಕ್ಷಮೆಯಿಂದ ಮುಗಿಯಿತು. ಒಪ್ಪದಿದ್ದರೂ ಬೇಗ ಕೇಳಿದ ಕ್ಷಮೆಯಿಂದ ಪರಿಹಾರದ ಮೊತ್ತ ಇಳಿಯಬಹುದು. ಬರೆದದ್ದು ತಪ್ಪಾಗಿದ್ದರೆ ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ ತಿದ್ದುಪಡಿ ಹಾಕಿ. ಬರೆದದ್ದು ನಿಜವಾಗಿದ್ದರೆ ಹೆದರಿ ಕ್ಷಮಾಪಣೆಗೆ ಸಹಿ ಹಾಕಬೇಡಿ. ಆ ಕಾಗದ ನಾಳೆ ಬೇರೆ ಕಡೆ ನಿಮ್ಮ ವಿರುದ್ಧವೇ ಬರುತ್ತದೆ.

ನಾನೇ ಹೋಟೆಲ್ ಮಾಲೀಕ. ನನ್ನ ಬಗ್ಗೆ ಸುಳ್ಳು ಬರೆದಿದ್ದಾರೆ. ನಾನೇನು ಮಾಡಲಿ?

ರುಚಿ ಚೆನ್ನಾಗಿಲ್ಲ ಎಂದವರ ಮೇಲೆ ಕೇಸ್ ಹಾಕಬೇಡಿ. ಇಟ್ಟಿರುವುದು ಸುಳ್ಳು ಆರೋಪ, ಅದರಿಂದ ವ್ಯಾಪಾರ ಬಿದ್ದಿದೆ ಎಂದಾದರೆ ನಿಮಗೂ ಕಾನೂನಿನ ರಕ್ಷಣೆ ಇದೆ. ಮೊದಲು ಅಲ್ಲೇ ಸಮಾಧಾನವಾಗಿ ಉತ್ತರ ಬರೆಯಿರಿ, ಇದ್ದರೆ ತಪಾಸಣೆಯ ವರದಿ ತೋರಿಸಿ. ಬಗ್ಗದಿದ್ದರೆ ನೋಟಿಸ್. ದಾವೆ ಕೊನೆಯದು. ಗೂಗಲ್‌ನಂಥ ಕಂಪನಿಗೆ ತೆಗೆಯಿರಿ ಎಂದು ಬರೆದರೆ ಅವರು ಸಾಮಾನ್ಯವಾಗಿ ಕೋರ್ಟ್ ಆದೇಶ ಕೇಳುತ್ತಾರೆ. ಕೋರ್ಟ್ ಇಲ್ಲವೇ ಸರ್ಕಾರದ ಆದೇಶ ಬಂದಾಗ ತೆಗೆದರೆ ಸಾಕು ಎಂದ ಶ್ರೇಯಾ ಸಿಂಘಲ್ ತೀರ್ಪು ಅದಕ್ಕೆ ಕಾರಣ.

ತುಂಬಾ ಹಿಂದೆ ಬರೆದದ್ದಕ್ಕೆ ಈಗ ಕೇಸ್ ಹಾಕಬಹುದೇ?

ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ ಒಂದು ವರ್ಷ ಮಾತ್ರ ಅವಕಾಶ. ಕ್ರಿಮಿನಲ್ ದೂರಿಗೆ ಮೂರು ವರ್ಷ. ಅಂತರ್ಜಾಲದಲ್ಲಿ ಇನ್ನೂ ಕಾಣುತ್ತಿದೆ ಎಂದ ಮಾತ್ರಕ್ಕೆ ದಿನವೂ ಹೊಸ ವರ್ಷ ಶುರುವಾಗುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಹಳೆಯದನ್ನು ನೀವೇ ಮತ್ತೆ ಶೇರ್ ಮಾಡಿದರೆ ಅದು ಹೊಸ ಪ್ರಕಟಣೆ ಎಂದು ವಾದಿಸಲು ಅವರಿಗೆ ದಾರಿ ಸಿಗುತ್ತದೆ. ನೋಟಿಸ್ ಬಂದಾಗ ಮೊದಲು ಪ್ರಕಟವಾದ ತಾರೀಖು ನೋಡಿ, ಅದನ್ನು ತೋರಿಸುವ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.